ಕುಂಟೆ ಎತ್ತದ ಶ್ರಾವಣ

ಬಾದೆ ಹುಲ್ಲನ್ನು ಎತ್ತು ತುಳಿದರೆ ನಿಂಬೆಹಣ್ಣಿನ ಸಿಪ್ಪೆ ಹಿಚುಕಿದಂಥ ವಾಸನೆ ಏಳುತ್ತದೆ. ಈ ಸಲದ ಶ್ರಾವಣದಲ್ಲಿ ಹೊಲದ ಪಡುವಣ ಮಗ್ಗುಲಿಗೆ ಎಡೆಕುಂಟೆ ಹೊಡೆಯುತ್ತಿದ್ದೆ. ಸಾಲಿನ ಕೊನೆಯಲ್ಲಿ ತಿರುಗುವಾಗ ಎತ್ತುಗಳು ಬದು ದಾಟಿ ಆಚೆಯ ಹುಲ್ಲುಗಾವಲಿಗೆ, ನಮ್ಮ ಬೀಡಿನೊಳಗೆ ಕಾಲಿಟ್ಟವು. ಆ ವಾಸನೆ ಮೂಗಿಗೆ ಬಂದದ್ದೇ ನನ್ನ ಕೈ ಕುಂಟೆಯ ಮೇಣಿಯ ಮೇಲೆ ಹಾಗೇ ನಿಂತುಬಿಟ್ಟಿತು. ಮೂರು ಮುಂಗಾರಿನ ಹಿಂದೆ, ಇದೇ ತಿಂಗಳಲ್ಲಿ, ಇದೇ ಮೂಲೆಯಲ್ಲಿ ನಾನು ಮಾಡಿದ್ದು ಆ ಹೊತ್ತಿನವರೆಗೆ ನನ್ನ ಎತ್ತುಗಳಿಗಷ್ಟೇ ಗೊತ್ತಿತ್ತು.

ನಮ್ಮೂರು ಗಡಿಯಾಚೆಯ ತೆಲುಗು ಸೀಮೆಯಲ್ಲಿ, ಆಸ್ಪರಿಗೆ ಹತ್ತಿರ. ಸೇಂಗಾ, ಹತ್ತಿ, ಒಂದಿಷ್ಟು ನವಣೆ ಬೆಳೆಯುವ ಮಳೆಯಾಶ್ರಯದ ಊರು. ನಮ್ಮ ಹೊಲದ ಪಡುವಣಕ್ಕೆ ಗರಸು ನೆಲದ ದೊಡ್ಡ ಬೀಡು ಇದೆ. ಯಾರೂ ಉತ್ತಿಲ್ಲ, ಉತ್ತರೂ ಪ್ರಯೋಜನವಿಲ್ಲ. ಊರ ಕುರಿಗಳೆಲ್ಲ ಅಲ್ಲೇ ಮೇಯುತ್ತವೆ, ಮಳೆ ಚೆನ್ನಾಗಿ ಆದ ವರ್ಷ ಹುಲ್ಲು ಮೊಣಕಾಲು ದಾಟಿ ಸೊಂಟಕ್ಕೆ ಬರುತ್ತದೆ. ಊರಿನ ಕನ್ನಡ ಶಾಲೆ ಆಗ ಐದನೆಯ ತರಗತಿವರೆಗೆ ಮಾತ್ರ ಇತ್ತು, ನನ್ನ ಓದೂ ಅಲ್ಲಿಗೇ ಮುಗಿಯಿತು. ತಂಗಿ ಶಿವಲೀಲಾ ನನಗಿಂತ ಬಹಳ ಚಿಕ್ಕವಳು. ಆಕೆ ಆಸ್ಪರಿಯಲ್ಲಿ ತೆಲುಗು ಹೈಸ್ಕೂಲು, ಆದೋನಿಯಲ್ಲಿ ಡಿಗ್ರಿ ಮಾಡಿ, ಈಗ ಆದೋನಿಯಲ್ಲೇ ಒಂದು ಖಾಸಗಿ ಶಾಲೆಯ ಪುಸ್ತಕದ ಕೋಣೆ ನೋಡಿಕೊಳ್ಳುತ್ತಾಳೆ. ಅಲ್ಲೇ ಬಾಡಿಗೆ ಕೋಣೆ, ಅಡುಗೆ ಎಲ್ಲ. ಶನಿವಾರ ಸಂಜೆ ಷೇರ್ ಆಟೋದಲ್ಲಿ ಊರಿಗೆ ಬರುತ್ತಾಳೆ.

ಆಕೆಗೆ ಹಕ್ಕಿಯ ಹುಚ್ಚು ಹಿಡಿಸಿದವನು ನಾನೇ. ಸಣ್ಣವಳಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ಬೀಡಿನಲ್ಲಿ ತಿರುಗಾಡಿಸುತ್ತಿದ್ದೆ. ಕಾಲ ಕೆಳಗಿಂದ ಬುರ್ರನೆ ಎದ್ದರೆ ಬುರ್ಲಿ, ಕೂಗುತ್ತ ಓಡಿದರೆ ಗೌಜಲ, ತಲೆಯ ಮೇಲೆ ಬಂದು ಬಂದು ಬೈದರೆ ಟಿಟ್ಟಿಭ, ಅಂದರೆ ಹತ್ತಿರದಲ್ಲೇ ಮೊಟ್ಟೆ ಇದೆ ಅಂತ ಅರ್ಥ. ನನಗೆ ತಿಳಿದದ್ದು ಅಷ್ಟೇ. ಓದು ಮುಂದುವರಿದಂತೆ ಆಕೆಗೆ ನನಗಿಂತ ಹೆಚ್ಚು ತಿಳಿಯಿತು. ಹಕ್ಕಿಗಳ ಚಿತ್ರದ ಪುಸ್ತಕ ತಂದಳು, ಮೊದಲ ಸಂಬಳ ಕೂಡಿಟ್ಟು ದುರ್ಬೀನು ತಂದಳು. ಆದರೂ ಹೊಸ ಹಕ್ಕಿ ಕಂಡರೆ ಓಡಿ ಬರುತ್ತಿದ್ದುದು ನನ್ನ ಹತ್ತಿರವೇ. "ಅಣ್ಣಾ, ಇಂಥಾದ್ದು ಕಂಡೀನಿ" ಅಂತ ಹೇಳಿದ ಮೇಲೇ ಅದು ಕಂಡ ಹಾಗೆ ಆಕೆಗೆ.

ಪುಸ್ತಕಗಳನ್ನು ನನಗೂ ತರುತ್ತಿದ್ದಳು. ಹಕ್ಕಿ ನೋಡುತ್ತ ಬದುಕು ಕಳೆದವರ ಕಥೆಗಳು ನನಗೆ ಹಿಡಿಸಿದವು. ಮಧ್ಯಾಹ್ನ ಎತ್ತು ಬಿಟ್ಟ ಹೊತ್ತಿನಲ್ಲಿ ಬೇವಿನ ಮರದ ಕೆಳಗೆ ಬೆರಳಿಟ್ಟು ಓದುತ್ತಿದ್ದೆ. ಒಂದರಲ್ಲಿ, ಒಂದೇ ಕೆರೆಯ ದಂಡೆಯಲ್ಲಿ ವರ್ಷಗಟ್ಟಲೆ ಕೂತ ಒಬ್ಬರು, ಹಕ್ಕಿ ಬಾರದ ದಿನಗಳಲ್ಲೂ "ಈ ದಿನ ಏನೂ ಕಾಣಲಿಲ್ಲ" ಎಂದು ಬರೆದಿಡುತ್ತಿದ್ದರಂತೆ. ಏನೂ ಕಾಣದ್ದನ್ನೂ ಯಾಕೆ ಬರೆಯಬೇಕು ಎಂದು ತಂಗಿಯನ್ನು ಕೇಳಿದ್ದೆ. ಕಾಣಲಿಲ್ಲ ಅಂತ ಬರೆದವನ ಮಾತನ್ನೇ, ಕಂಡೆ ಅಂದಾಗ ನಂಬಬಹುದು ಎಂದಿದ್ದಳು. ಇನ್ನೊಂದು ಪುಸ್ತಕದಲ್ಲಿ ಹೆಸರಿನ ಆಸೆಗೆ ಕಾಣದ ಹಕ್ಕಿಯನ್ನು ಕಂಡೆ ಎಂದು ಬರೆದು ಸಿಕ್ಕಿಬಿದ್ದವರ ಸಂಗತಿ ಇತ್ತು. ಕಂಡ ಹಕ್ಕಿಯನ್ನು ಕಾಣಲಿಲ್ಲ ಎಂದವರ ಕಥೆ ನನಗೆ ಯಾವ ಪುಸ್ತಕದಲ್ಲೂ ಸಿಗಲಿಲ್ಲ. ಆಮೇಲೆ ಹುಡುಕಿ ಹುಡುಕಿ ಓದಿದ್ದೇನೆ.

ಆ ವರ್ಷ ಮಳೆ ಬೇಗ ಹಿಡಿಯಿತು. ಬೀಡು ಹಸಿರಾಯಿತು. ನವಣೆ ಒಂದು ಗೇಣು ಎದ್ದಾಗ ಎಡೆಕುಂಟೆ ಹೂಡಿದೆ. ಸಾಲುಗಳ ನಡುವೆ ಅಗಲವಾದ ಕಬ್ಬಿಣದ ಕುಡವನ್ನು ಎತ್ತುಗಳಿಂದ ಎಳೆಸಿ ಕಳೆ ಕೊಯ್ಯುವ ಕೆಲಸ ಇದು. ನಮ್ಮ ಮನೆಯಲ್ಲಿ ಇದಕ್ಕೊಂದು ಕಟ್ಟಳೆ ಇದೆ. ಸಾಲಿನಲ್ಲಿ ಹಕ್ಕಿಯ ಮೊಟ್ಟೆ ಕಂಡರೆ ಕುಂಟೆಯನ್ನು ಎತ್ತಿ ಹಿಡಿದು, ಆ ಜಾಗ ದಾಟಿದ ಮೇಲೆ ಇಳಿಸಬೇಕು. ಅಪ್ಪ ಕಲಿಸಿದ್ದು. "ಬರೇ ನೆಲದ ಮ್ಯಾಲೆ ಮೊಟ್ಟಿ ಇಟ್ಟಾಕಿ ನಮ್ಮನ್ನ ನಂಬಿ ಇಟ್ಟಾಳ. ಎತ್ತು ಕುಂಟಿ" ಎನ್ನುತ್ತಿದ್ದ. ಸುತ್ತ ಹೊಲವೆಲ್ಲ ಹಸನಾಗಿ, ಗೂಡಿನ ಸುತ್ತ ಮಾತ್ರ ಕಳೆ ನಿಂತಿರುತ್ತದೆ. ಆ ಕಳೆಯ ತುಂಡಿಗೆ ನಮ್ಮ ಮನೆಯಲ್ಲಿ ಬಾಣಂತಿಕೋಣಿ ಎನ್ನುತ್ತೇವೆ. ಪಕ್ಕದ ಹೊಲದವರು ನೋಡಿ ನಗುವುದೂ ಉಂಟು. ನನ್ನ ಎತ್ತುಗಳಿಗೆ ಈ ಅಭ್ಯಾಸ ಎಷ್ಟು ಆಗಿತ್ತೆಂದರೆ, ಒಮ್ಮೆ ಎತ್ತಿದ ಜಾಗಕ್ಕೆ ಮತ್ತೆ ಬಂದರೆ ತಾವೇ ನಡಿಗೆ ನಿಧಾನ ಮಾಡುತ್ತಿದ್ದವು.

ಆ ದಿನ ಬೀಡಿನ ಕಡೆಯ ಮೂಲೆಯಲ್ಲಿ ಕುಂಟೆಯ ಮುಂದೆ ಏನೋ ಅಲುಗಿತು. ಕೋಳಿಯಷ್ಟು ದೊಡ್ಡ ಹಕ್ಕಿ, ಉದ್ದ ಕಾಲು, ಸಪೂರ ಕತ್ತು, ಒಣಹುಲ್ಲಿನ ಮೈಬಣ್ಣ. ಕತ್ತು ಚಾಚಿ ನೆಲಕ್ಕೆ ಅಂಟಿಕೊಂಡಂತೆ ಸರಿದು ಹುಲ್ಲಿಗೆ ಹೋಯಿತು. ಅದು ಎದ್ದ ಜಾಗದಲ್ಲಿ ಮೊಟ್ಟೆಗಳು. ಕೈ ತಾನಾಗೇ ಕುಂಟೆ ಎತ್ತಿತು. ಯಾವ ಹಕ್ಕಿಯೋ ತಿಳಿಯಲಿಲ್ಲ. ಮರುದಿನ ಬೆಳಿಗ್ಗೆ ತಿಳಿಯಿತು. ಮೋಡ ಕವಿದ ಹೊತ್ತು, ಬೀಡಿನ ನಡುವೆ ಹುಲ್ಲಿನೊಳಗಿಂದ ಕರಿ ಬಿಳಿ ಬಟ್ಟೆಯೊಂದನ್ನು ಯಾರೋ ಮೇಲೆಸೆದು ಹಿಡಿದ ಹಾಗಾಯಿತು. ಮತ್ತೆ ಎಸೆದ ಹಾಗೆ. ಜತೆಗೆ ಕಪ್ಪೆ ವಟಗುಟ್ಟಿದಂಥ ಸದ್ದು. ಗಂಡು ಹಕ್ಕಿ ಹುಲ್ಲಿನಿಂದ ಆಳೆತ್ತರಕ್ಕೆ ಜಿಗಿದು, ರೆಕ್ಕೆ ಬಡಿದು, ಬಿದ್ದ ಹಾಗೆ ಇಳಿಯುತ್ತಿತ್ತು. ಅಪ್ಪ ಹೇಳುತ್ತಿದ್ದ ಕನ್ನವಿಲು ಇದೇ. ತೆಲುಗಿನವರು ನೆಲನೆಮಲಿ ಅನ್ನುತ್ತಾರೆ. ಅಪ್ಪ ಕಂಡಿದ್ದ, ನಾನು ಕಂಡಿರಲಿಲ್ಲ. ತಂಗಿಯ ಪುಸ್ತಕದಲ್ಲಿ ಇದರ ಪುಟದ ತುದಿ ಮಡಚಿತ್ತು. ಎಂದಾದರೂ ಕಾಣಬೇಕು ಅಂತ ಆಕೆಯೇ ಮಡಚಿದ್ದು.

ಶನಿವಾರ ಬರಲಿ, ಏನೂ ಹೇಳದೆ ಕರೆದುಕೊಂಡು ಹೋಗಿ ತೋರಿಸಬೇಕು ಅಂದುಕೊಂಡೆ. ಆ ವಾರವೆಲ್ಲ ಒಬ್ಬನೇ ನಗುತ್ತಿದ್ದೆನಂತೆ. "ಏನೋ ಸಿಕ್ಕೈತಿ ಹೊಲದಾಗ, ಬಂಗಾರದ ಕೊಡ ಏನೋ" ಎಂದು ಹೆಂಡತಿ ಪಾರ್ವತಿ ಕಾಲೆಳೆದಳು.

ಶುಕ್ರವಾರ ಪುಲ್ಲಯ್ಯ ಬಂದ. ನಮ್ಮ ಊರಿನ ಕುರಿಯವನು, ಬಾಯಿ ತೆಲುಗು, ಕಿವಿ ಎರಡೂ ಭಾಷೆ. ಬದುವಿನ ಮೇಲೆ ಕೂತು ಬೀಡಿ ಹಚ್ಚಿ ಸಂತೆಯಲ್ಲಿ ಕೇಳಿದ ಸುದ್ದಿ ಹೇಳಿದ. ದೂರದ ಯಾವುದೋ ಊರಿನಲ್ಲಿ ಒಂದು ಹಕ್ಕಿ ಕಂಡದ್ದಕ್ಕೆ ಅರಣ್ಯದವರು ಬಂದು ಬೋರ್ಡು ನೆಟ್ಟು, ಬೇಲಿ ಹಾಕಿ, ಕುರಿ ಬಿಡಬೇಡ, ಮಗ್ಗುಲ ಹೊಲದಲ್ಲೂ ಇಂಥದ್ದೇ ಬೆಳೆ, ಇಂಥದ್ದು ಬೇಡ ಅಂತ ಕಟ್ಟು ಮಾಡಿದರಂತೆ. "ಪಿಟ್ಟ ವಸ್ತೆ ಪೊಲಂ ಪೋತುಂದಿ ಮಲ್ಲಪ್ಪಾ" ಎಂದ. ಹಕ್ಕಿ ಬಂದರೆ ಹೊಲ ಹೋದಂತೆ. ಅವನು ಏನೂ ನೋಡಿರಲಿಲ್ಲ, ಸುಮ್ಮನೆ ಮಾತಿಗೆ ಹೇಳಿದ್ದು. ಯಾವ ಊರು, ಯಾರು ಹೇಳಿದರು ಎಂದು ಕೇಳಿದ್ದರೆ ಅವನ ಬಳಿ ಉತ್ತರ ಇರುತ್ತಿರಲಿಲ್ಲ. ನಾನು ಕೇಳಲಿಲ್ಲ. ನಮಗಿರುವುದು ಆ ಒಂದು ಹೊಲ. ಅವನು ಹೋದ ಮೇಲೆ ಬಾಣಂತಿಕೋಣಿಯನ್ನು ನೋಡಿದೆ. ಹಸನಾದ ಹೊಲದ ನಡುವೆ ಕಳೆಯ ಆ ತುಂಡು, ಇಲ್ಲಿ ನೋಡು ಎಂದು ಬೊಟ್ಟು ಮಾಡಿ ಕರೆಯುವ ಹಾಗೆ ನಿಂತಿತ್ತು.

ಶನಿವಾರ ತಂಗಿಗೆ ಏನೂ ಹೇಳಲಿಲ್ಲ. ಆದರೆ ಆಕೆಯ ಕಣ್ಣಿಗೆ ನಾನು ಹೇಳುವುದು ಬೇಕಿರಲಿಲ್ಲ. ಭಾನುವಾರ ಬೆಳಕು ಹರಿಯುವ ಮುಂಚೆ ಬೀಡಿಗೆ ಹೋದವಳು, ಲಂಗದ ಅಂಚೆಲ್ಲ ಒದ್ದೆ ಮಾಡಿಕೊಂಡು ಓಡಿ ಬಂದಳು. ಏದುಸಿರು ನಿಲ್ಲುತ್ತಿರಲಿಲ್ಲ.

"ಅಣ್ಣಾ, ಜಿಗೀತು. ಹುಲ್ಲಿನ ಮ್ಯಾಲೆ ಜಿಗೀತು. ಎರಡು ಸಲ. ರೆಕ್ಕ್ಯಾಗ ಬಿಳೇದು ಐತಿ. ನೀ ದಿನಾ ಅಲ್ಲೇ ಇರ್ತಿ, ನಿನಗ ಕಂಡಿಲ್ಲೇನು?"

ನಾನು ಹಗ್ಗ ಹೊಸೆಯುತ್ತಿದ್ದೆ. ತಲೆ ಎತ್ತದೆ, "ನವಿಲಿನ ಮರಿ ಇರಬೇಕು" ಎಂದೆ. ಮೊದಲ ಸುಳ್ಳು ಅದು. ಅಷ್ಟು ಹಗುರವಾಗಿ ಬಂತು.

ಆಕೆಯ ಫೋನಿನ ಫೋಟೋದಲ್ಲಿ ಹುಲ್ಲು ಬಿಟ್ಟರೆ ಒಂದು ಕರಿ ಚುಕ್ಕೆ ಇತ್ತು. ಹಕ್ಕಿ ಮೇಷ್ಟ್ರಿಗೆ ಫೋನು ಮಾಡಿದಳು. ಅವರು ಬಳ್ಳಾರಿಯ ಕಡೆಯವರು, ಕಾಲೇಜಿನಿಂದ ನಿವೃತ್ತರಾಗಿ ಬಯಲುಸೀಮೆಯ ಹಕ್ಕಿಗಳ ಮೇಲೆ ಕನ್ನಡದಲ್ಲೊಂದು ಪುಸ್ತಕ ಬರೆಯುತ್ತಿದ್ದರು. ಆದೋನಿ ಕಡೆ ಬಂದಾಗಲೆಲ್ಲ ತಂಗಿ ಅವರ ಜೊತೆ ತಿರುಗಾಡುತ್ತಿದ್ದಳು. ಪುಸ್ತಕ ಇನ್ನೇನು ಅಚ್ಚಿಗೆ ಹೋಗುವುದಿತ್ತು. ಅವರ ನಿಯಮ ಗಟ್ಟಿ. ಸರಿಯಾದ ಫೋಟೋ ಇಲ್ಲದಿದ್ದರೆ ಇಬ್ಬರು ಬೇರೆ ಬೇರೆಯಾಗಿ ಕಂಡಿರಬೇಕು, ಒಬ್ಬರ ಮಾತು ಸಾಲದು. ಮುಂದಿನ ಭಾನುವಾರ ತಾವೇ ಬರುವುದಾಗಿ, ಕಂಡರೆ ಆ ಪುಟದಲ್ಲಿ ನಮ್ಮ ಬೀಡಿನ ಹೆಸರು, ಕಂಡವಳ ಹೆಸರು ಎರಡೂ ಹಾಕುವುದಾಗಿ ಹೇಳಿದರು. ಫೋನು ಇಟ್ಟ ಮೇಲೆ ತಂಗಿ ಅವ್ವನ ಫೋಟೋದ ಮುಂದೆ ಊದುಬತ್ತಿ ಹಚ್ಚಿದಳು. ಉರುಕುಂದದ ಈರಣ್ಣ ದೇವರಿಗೆ ನಡೆದುಕೊಳ್ಳುವ ಮನೆ ನಮ್ಮದು. ಶ್ರಾವಣದಲ್ಲಾದರೂ ನಾಲಿಗೆ ಶುದ್ಧ ಇಟ್ಟುಕೊಳ್ಳಿ ಅಂತ ಅವ್ವ ಇದ್ದಾಗ ಹೇಳುತ್ತಿದ್ದಳು.

ಆ ವಾರ ನಾನು ನಿದ್ದೆ ಮಾಡಿದೆನೋ ಇಲ್ಲವೋ ಗೊತ್ತಿಲ್ಲ, ಆದರೆ ಲೆಕ್ಕ ಮಾತ್ರ ಹಾಕುತ್ತಿದ್ದೆ. ಜಿಗಿಯುವ ಗಂಡು ಮೇಷ್ಟ್ರ ಕಣ್ಣಿಗೆ ಬೀಳಬಹುದು, ಬೀಳದಿರಬಹುದು. ಆದರೆ ಅವರು ಹೊಲದ ಬದುವಿನ ಮೇಲೇ ನಡೆಯುತ್ತಾರೆ. ಕಳೆಯ ತುಂಡು ಕಂಡರೆ ಏನೆಂದು ಕೇಳುತ್ತಾರೆ, ತಂಗಿ ಬಾಣಂತಿಕೋಣಿ ಎಂದು ಹೇಳುತ್ತಾಳೆ. ಅಲ್ಲಿಗೆ ಮುಗಿಯಿತು.

ಶನಿವಾರ ಮಧ್ಯಾಹ್ನ, ತಂಗಿಯ ಆಟೋ ಬರುವ ಮುಂಚೆ, ಎತ್ತು ಹೂಡಿದೆ. ಆ ಹೊಲಕ್ಕೆ ಆ ದಿನ ಕುಂಟೆಯ ಕೆಲಸವೇ ಇರಲಿಲ್ಲ. ಸೀದಾ ಆ ಮೂಲೆಯ ಸಾಲಿಗೆ ಹೊಡೆದುಕೊಂಡು ಹೋದೆ. ಕಳೆಯ ಹತ್ತಿರ ಬಂದಾಗ ಎತ್ತು ನಿಂತವು. ಅವುಗಳಿಗೆ ನಾನೇ ಕಲಿಸಿದ್ದು. ಕುಂಟೆ ಮೇಲೇಳಲಿ ಎಂದು ಕಾದವು. ನಾನು ಎತ್ತಲಿಲ್ಲ. ಬಲಗಡೆಯ ಎತ್ತು ಕತ್ತು ಹೊರಳಿಸಿ ನನ್ನ ಕಡೆ ನೋಡಿತು. ಚಬಕ ಬೀಸಿದೆ. ಆ ಎತ್ತುಗಳಿಗೆ ನಾನು ಅಷ್ಟು ಜೋರಾಗಿ ಎಂದೂ ಹೊಡೆದಿರಲಿಲ್ಲ.

ತಾಯಿ ಹಕ್ಕಿ ಕೊನೆಯ ಗಳಿಗೆಯವರೆಗೆ ಏಳಲಿಲ್ಲ. ಕುಡ ಹತ್ತಿರ ಬಂದಾಗ ಎದ್ದು, ಹಾರದೆ, ಕತ್ತು ಚಾಚಿ ಓಡಿತು. ಕುಡ ಮಣ್ಣಿನೊಳಗೆ ಹೋಗುವಾಗ ಸದ್ದೇನೂ ಆಗಲಿಲ್ಲ. ಆಗುತ್ತದೆ ಎಂದು ನಾನು ಹಲ್ಲು ಕಚ್ಚಿದ್ದೆ. ಹಿಂದೆ ತಿರುಗಿ ನೋಡಿದಾಗ ಹೊಲ ಆ ತುದಿಯಿಂದ ಈ ತುದಿಯವರೆಗೆ ಒಂದೇ ಸಮ ಇತ್ತು. ಯಾರು ನೋಡಿದರೂ ಹಸನಾದ ಹೊಲ ಎನ್ನಬೇಕು, ಹಾಗೆ. ಸಂಜೆ ಎತ್ತಿಗೆ ಮೇವು ಹಾಕಿ, ಮನಸ್ಸು ತಡೆಯದೆ ಮತ್ತೆ ಹೋದೆ. ಆ ತಾಯಿ ಹಕ್ಕಿ ಬಂದು ಅಲ್ಲಿ ನಿಂತಿದ್ದಳು. ಕೂರಲು ಜಾಗ ಹುಡುಕುತ್ತ ನಿಂತಿದ್ದಳು.

ಭಾನುವಾರ ಮೇಷ್ಟ್ರು ಬಂದರು. ಬಿಳಿ ಗಡ್ಡ, ಮಣ್ಣಿನ ಬಣ್ಣದ ಅಂಗಿ, ಮೆತ್ತಗಿನ ಮಾತು. ಗಾಳಿ ಇತ್ತು, ತುಂತುರು ಬಂದು ಬಂದು ಹೋಗುತ್ತಿತ್ತು. ಬೆಳಗಿನಿಂದ ಬಿಸಿಲೇರುವವರೆಗೆ ಇಬ್ಬರೂ ಹುಲ್ಲಿನ ಕಡೆ ಮುಖ ಮಾಡಿ ಕೂತರು. ಏನೂ ಜಿಗಿಯಲಿಲ್ಲ. ತಂಗಿ ದುರ್ಬೀನನ್ನು ಕಣ್ಣಿನಿಂದ ಇಳಿಸಲೇ ಇಲ್ಲ. ಕೊನೆಗೆ ಮೇಷ್ಟ್ರು ಎದ್ದು ಮೊಣಕಾಲು ತಿಕ್ಕಿಕೊಳ್ಳುತ್ತ ನನ್ನ ಹತ್ತಿರ ಬಂದರು. ಪಾರ್ವತಿ ಚಹಾ ತಂದಿದ್ದಳು, ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು.

"ಮಲ್ಲಪ್ಪನವರ, ನೀವು ದಿನಾ ಇಲ್ಲೇ ಇರೋರು. ಶಿವಲೀಲಾ ಹೇಳಿದಂಥ ಹಕ್ಕಿ ನಿಮ್ಮ ಕಣ್ಣಿಗೆ ಬಿದ್ದಿದ್ರ ಹೇಳ್ರಿ. ನಿಮ್ಮ ಮಾತು ನನಗ ಸಾಕು."

ತಂಗಿ ನನ್ನ ಮುಖ ನೋಡುತ್ತಿದ್ದಳು. ಹೆಗಲ ಮೇಲೆ ಕೂತಿದ್ದಾಗ ನನ್ನ ತಲೆಗೂದಲು ಹಿಡಿದು ಬಗ್ಗಿ ನೋಡುತ್ತಿದ್ದಳಲ್ಲ, ಹಾಗೇ.

"ಇಲ್ರೀ ಸರ್. ಅಂಥಾದ್ದು ಇಲ್ಲಿ ಇಲ್ಲ. ನವಿಲು ಭಾಳ ಅದಾವು" ಎಂದೆ.

ತಂಗಿ ದುರ್ಬೀನನ್ನು ಕೊರಳಿಂದ ತೆಗೆದಳು. ಜಗಳ ಮಾಡುತ್ತಾಳೆ, ನಾ ಕಂಡೀನಿ ಎಂದು ಹಟ ಹಿಡಿಯುತ್ತಾಳೆ ಎಂದುಕೊಂಡಿದ್ದೆ. ಹಾಗೆ ಮಾಡಿದ್ದರೆ ಬಹುಶಃ ನಾನು ಬಾಯಿ ಬಿಡುತ್ತಿದ್ದೆ. ಆಕೆ ಮೇಷ್ಟ್ರ ಕಡೆ ತಿರುಗಿ, ದುರ್ಬೀನಿನ ಪಟ್ಟಿಯನ್ನು ಸುತ್ತುತ್ತ, "ಅಣ್ಣಗ ಕಂಡಿಲ್ಲಂದ್ರ ನಾನೇ ತಪ್ಪು ನೋಡಿರಬೇಕು ಸರ್. ಮಬ್ಬುಗತ್ತಲಿತ್ತು" ಎಂದಳು. ಎಲ್ಲರಿಗೂ ಹಾಗಾಗುತ್ತದೆ, ತಮಗೂ ಆಗಿದೆ ಎಂದು ಮೇಷ್ಟ್ರು ಸಮಾಧಾನ ಹೇಳಿ ಹೋದರು.

ಪುಸ್ತಕ ಬಂತು. ಕನ್ನವಿಲಿನ ಪುಟದಲ್ಲಿ, ಈ ಸೀಮೆಯಲ್ಲಿ ಈಚೆಗೆ ಯಾರೂ ಕಂಡ ಖಚಿತ ದಾಖಲೆ ಇಲ್ಲ ಎಂದಿತ್ತು. ಯಾವ ಬೋರ್ಡೂ ಬರಲಿಲ್ಲ, ಬೇಲಿಯೂ ಬರಲಿಲ್ಲ. ಸಂತೆಯ ಸುದ್ದಿ ಸಂತೆಯಲ್ಲೇ ಮುಗಿದಿತ್ತು, ಪುಲ್ಲಯ್ಯ ಅದನ್ನು ಮರೆತು ಎಷ್ಟೋ ದಿನವಾಗಿತ್ತು. ಮರುವರ್ಷ ಬೀಡಿನಲ್ಲಿ ಏನೂ ಜಿಗಿಯಲಿಲ್ಲ. ಅದರ ಮರುವರ್ಷವೂ ಇಲ್ಲ. ನಾನು ದಿನಾ ನೋಡಿದೆ.

ಆದರೆ ನನ್ನನ್ನು ಒಳಗೇ ತಿಂದದ್ದು ಹಕ್ಕಿಯೊಂದೇ ಅಲ್ಲ, ತಂಗಿ ಬದಲಾದ ರೀತಿ. ಮೊದಲು "ಕಂಡೀನಿ" ಎನ್ನುತ್ತಿದ್ದವಳು "ಕಂಡಂಗಾತು" ಎನ್ನತೊಡಗಿದಳು. ತಂತಿಯ ಮೇಲೆ ಕೂತ ಕಾಜಾಣವನ್ನು ಹಾಲು ಕುಡಿಯುವ ಕೂಸೂ ಗುರುತಿಸುತ್ತದೆ, ಅದಕ್ಕೂ "ಕಾಜಾಣ ಹೌದಲ್ಲಣ್ಣ?" ಎಂದು ನನ್ನ ಬಾಯಿಂದ ಹೌದು ಅನ್ನಿಸಿಕೊಂಡೇ ಮುಂದೆ ಹೋಗುವಳು. ಆದೋನಿಯಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಪರೀಕ್ಷೆ ಮಾಡಿಸಿಕೊಂಡು ಬಂದಳು. ಕಣ್ಣು ಚೆನ್ನಾಗಿವೆ ಅಂದರಂತೆ. ಅದನ್ನು ಹೇಳುವಾಗ ಆಕೆಯ ಮುಖದಲ್ಲಿ ಸಂತೋಷ ಇರಲಿಲ್ಲ. ಕಣ್ಣು ಸರಿ ಇದ್ದರೆ ತಪ್ಪು ಎಲ್ಲಿ ಎಂಬ ಚಿಂತೆ. ಶನಿವಾರ ಬರುವಾಗ ದುರ್ಬೀನು ತರುವುದು ಕಡಿಮೆಯಾಯಿತು. ನನಗೆ ಪುಸ್ತಕ ತರುವುದನ್ನು ಮಾತ್ರ ಬಿಡಲಿಲ್ಲ. ಬೇವಿನ ಕೆಳಗೆ ಕೂತು ನಾನು ಆ ದೊಡ್ಡವರ ಬದುಕಿನ ಕಥೆ ಓದುವೆ. ಅವರ ಕಾಲಿನ ಗಾಯ, ಹಸಿವು, ಒಂಟಿತನ. ಒಬ್ಬನೇ ಒಬ್ಬ ಮನೆಯವನು ನಂಬಿದ್ದರಿಂದ ಊರೆಲ್ಲ ನಕ್ಕರೂ ಕೆಲಸ ಬಿಡದಿದ್ದವರು ಅವರಲ್ಲಿ ಎಷ್ಟು ಜನ. ಅಂಥ ಪುಟ ಬಂದರೆ ಪುಸ್ತಕ ಮುಚ್ಚಿ ಎತ್ತಿಗೆ ನೀರು ಕುಡಿಸಲು ಏಳುತ್ತಿದ್ದೆ.

ಈ ವರ್ಷ ಮತ್ತೆ ಮಳೆ ಬೇಗ ಹಿಡಿಯಿತು. ಬಾದೆ ಹುಲ್ಲಿನ ವಾಸನೆ ಎದ್ದದ್ದು ಶನಿವಾರ. ಅದೇ ಸಂಜೆ ತಂಗಿ ಬಂದು, ಚಪ್ಪಲಿ ಬಿಡುತ್ತ, ದುರ್ಬೀನನ್ನು ಶಾಲೆಗೆ ಕೊಟ್ಟುಬಿಡುತ್ತೇನೆ ಎಂದಳು. ಹುಡುಗರಾದರೂ ನೋಡಲಿ, ತನ್ನ ಹತ್ತಿರ ಸುಮ್ಮನೆ ಬೂಜು ಹಿಡಿಯುತ್ತಿದೆ ಎಂದಳು. ಪಾರ್ವತಿ ಒಳ್ಳೇದಾಯಿತು ಎಂದಳು. ನಾನು ಅಂಗಳದಿಂದ ಎದ್ದು, "ನಡಿ, ಹೊಲಕ್ಕ ಹೋಗೂಣು" ಎಂದೆ. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎಂದು ಗೊತ್ತಿತ್ತು. ದಾರಿಯಲ್ಲಿ ಕಾಲು ಎರಡು ಸಲ ನಿಧಾನವಾಯಿತು, ಎರಡು ಸಲವೂ ಬೈದುಕೊಂಡು ನಡೆದೆ.

ಆ ಮೂಲೆಯಲ್ಲಿ ನಿಂತು ಹೇಳಿದೆ. ಹಿಂದು ಮುಂದಾಗಿ, ಆದರೆ ಏನೂ ಬಿಡದೆ. ಜಿಗಿದದ್ದು, ಗೂಡು, ಪುಲ್ಲಯ್ಯನ ಮಾತು, ಎತ್ತು ನಿಂತದ್ದು, ಚಬಕ. ಆಕೆ ಬೈಯಲಿಲ್ಲ. ಆ ಸಾಲಿನ ನೆಲ ನೋಡುತ್ತ ಕೇಳಿದಳು.

"ಎಷ್ಟು ಮೊಟ್ಟಿ ಇದ್ದವು?"

"ಮೂರು."

"ಬಣ್ಣ?"

"ಎಲಿ ಒಣಗಿದಂಗ, ಹಸರು ಕಂದು. ಮ್ಯಾಲೆ ಮಚ್ಚಿ. ಹೊಳೀತಿದ್ದವು."

"ತಾಯಿ ತಿರುಗಿ ಬಂತೇನು?"

"ಸಂಜಿಗೆ ಬಂದು ನಿಂತಿತ್ತು."

ಅಷ್ಟಾದ ಮೇಲೆ ಆಕೆ ಬದುವಿನ ಮೇಲೆ ಕೂತುಬಿಟ್ಟಳು. ನಾನು ನಿಂತೇ ಇದ್ದೆ. ಕತ್ತಲಾಗುವುದಕ್ಕೆ ಇನ್ನೂ ಹೊತ್ತಿತ್ತು, ಬೀಡಿನ ಆಚೆ ಪುಲ್ಲಯ್ಯನ ಕುರಿಗಳು ಮನೆ ಕಡೆ ತಿರುಗಿದ್ದವು.

"ಹೊಲ ಹೋಗ್ತತಿ ಅಂತ ಅಂಜಿದ್ರ ನನಗ ಹೇಳಬೇಕಿತ್ತು. ಇಬ್ಬರೂ ಕೂಡಿ ಮುಚ್ಚಿಡ್ತಿದ್ದಿವೋ, ಕೂಡಿ ಜಗಳ ಆಡ್ತಿದ್ದಿವೋ, ಅದು ಬ್ಯಾರೆ ಮಾತು" ಎಂದಳು. ದನಿ ಏರಲಿಲ್ಲ. "ಮೂರು ವರ್ಷ ನಾ ಎಲ್ಲಾನೂ ನಿನ್ನ ಕೇಳಿ ನೋಡೀನಿ ಅಣ್ಣ. ಕಾಗಿ ಸೈತ."

ನಾನು ತಪ್ಪಾಯಿತು ಎಂದೆ. ಆ ಮಾತು ಎಷ್ಟು ಸಣ್ಣದು ಎಂದು ಹೇಳಿದ ಮೇಲೆ ತಿಳಿಯಿತು. ಆಕೆ ಎದ್ದು, ಫೋನು ತೆಗೆದು, ಮೇಷ್ಟ್ರ ನಂಬರು ಹಚ್ಚಿ ನನ್ನ ಕೈಗೆ ಕೊಟ್ಟಳು. "ಅವತ್ತ ಇಲ್ಲ ಅಂದಾಂವ ನೀನು. ಐತಿ ಅಂತ ನೀನೇ ಹೇಳು."

ಹೇಳಿದೆ. ಆಮೇಲೆ ಮೇಷ್ಟ್ರೂ ಮೊದಲು ಕೇಳಿದ್ದು ಮೊಟ್ಟೆಯ ಬಣ್ಣವನ್ನೇ. ಪುಸ್ತಕ ಎರಡನೆಯ ಸಲ ಅಚ್ಚಾಗುವುದಿದೆ, ಆದರೆ ಮೂರು ವರ್ಷದ ಮೇಲೆ ಬಂದ ಸಾಕ್ಷಿಯನ್ನು ಖಚಿತ ದಾಖಲೆ ಅಂತ ಹಾಕಲು ಬರುವುದಿಲ್ಲ ಎಂದರು. ಕೋಪ ಇರಲಿಲ್ಲ, ಆದರೆ ಮೆತ್ತಗಿನ ಮಾತೂ ಅಲ್ಲ. ಒಬ್ಬಳು ಕಂಡಳು, ಇನ್ನೊಬ್ಬರು ಕಂಡೂ ಇಲ್ಲ ಎಂದರು ಅಂತ ಟಿಪ್ಪಣಿ ಹಾಕಬಹುದು, ಒಪ್ಪಿಗೆಯೇ ಎಂದು ಕೇಳಿದರು.

"ಹಾಕ್ರಿ. ಹೆಸರು ಸೈತ ಹಾಕ್ರಿ" ಎಂದೆ.

"ಹಂಗಾದ್ರ ನಡೆದದ್ದು ನಡೆದಂಗ ನೀವೇ ಬರದು ಕಳಸ್ರಿ. ನಾನು ಬರೆದ್ರ ನಿಮ್ಮನ್ನ ಉಳಿಸಿ ಬರೀತೀನಿ."

ಅದಕ್ಕೇ ಇದನ್ನು ಬರೆದದ್ದು. ತಂಗಿ ಕಾಗುಣಿತ ತಿದ್ದಿದ್ದಾಳೆ, ಸಂಗತಿಯಲ್ಲಿ ಒಂದು ಮಾತೂ ತಿದ್ದಿಲ್ಲ. ಒಂದು ಕಡೆ ನನ್ನ ಭಯವನ್ನು ಸ್ವಲ್ಪ ಜಾಸ್ತಿಯೇ ವಿವರಿಸಿದ್ದೆ, ಅದನ್ನು ಹೊಡೆದುಹಾಕಿದವನು ನಾನು. ಪುಲ್ಲಯ್ಯನಿಗೂ ಹೇಳಿದೆ. ಆಸ್ಪರಿಯ ಚಹಾದಂಗಡಿಯಲ್ಲಿ ನಾಲ್ಕು ಜನರ ಮುಂದೆ ಹೇಳಿದೆ, ಮುಚ್ಚಿಟ್ಟು ಹೇಳುವುದರಲ್ಲಿ ಅರ್ಥವಿರಲಿಲ್ಲ. ಅವನು ಬಸಿಯಲ್ಲಿದ್ದ ಚಹಾ ಊದುವುದನ್ನು ನಿಲ್ಲಿಸಿ, ನಾನು ಸಾವಿರ ಮಾತಾಡುತ್ತೇನೆ, ಅದರಲ್ಲಿ ನೀನು ನಂಬಬೇಕಾದ್ದು ಅದೊಂದೇ ಆಯಿತಾ ಎಂದ. ಎಲ್ಲರೂ ನಕ್ಕರು. ಆಮೇಲೆ ಅವನೇ, ಬೀಡಿನಲ್ಲಿ ಅಂಥದ್ದು ಕಂಡರೆ ಕುರಿಗಳನ್ನು ಆ ಮಗ್ಗುಲಿಗೆ ಬಿಡುವುದಿಲ್ಲ ಎಂದ. ನಾಳೆ ಹಕ್ಕಿಗಾಗಿ ನಿಜವಾಗಿಯೂ ಬೋರ್ಡು ಬಂದರೆ ಏನು ಮಾಡುತ್ತೀ ಎಂದು ಕೆಲವರು ಕೇಳುತ್ತಾರೆ. ಬರಲಿ. ಬಂದವರ ಎದುರು ಕೂತು ನನ್ನ ಹೊಲದ ಮಾತು ನಾನು ಆಡುತ್ತೇನೆ. ಆದರೆ ಹಕ್ಕಿ ಇಲ್ಲ ಎಂದು ಮಾತ್ರ ಹೇಳುವುದಿಲ್ಲ.

ಬೀಡಿನ ಕಡೆಯ ಐದು ಸಾಲು ಇನ್ನು ಮೇಲೆ ಕುಂಟೆಗಿಲ್ಲ ಎಂದು ತೀರ್ಮಾನಿಸಿದ್ದೇನೆ. ಮೊಟ್ಟೆ ಇರಲಿ, ಇಲ್ಲದಿರಲಿ. ಕಳೆ ಎದ್ದು ನಿಂತಿದೆ. "ಬಾಣಂತಿ ಇಲ್ಲ, ಕೋಣಿ ಮಾತ್ರ ಕಟ್ಟ್ಯಾನ" ಎಂದು ಪಾರ್ವತಿ ಹಂಗಿಸುತ್ತಾಳೆ. ಹಂಗಿಸಲಿ. ಅಷ್ಟು ನವಣೆ ಕಡಿಮೆ ಉಣ್ಣುತ್ತೇವೆ. ತಪ್ಪಿಗೆ ಇದು ಸರಿಹೋಗುವುದಿಲ್ಲ ಎಂದು ನನಗೂ ಗೊತ್ತು, ಆ ಗೂಡು ತಿರುಗಿ ಬರುವುದಿಲ್ಲ. ಆದರೆ ಮುಂದೆ ಯಾವುದಾದರೂ ಒಂದು ಹಕ್ಕಿ ನಮ್ಮನ್ನು ನಂಬಿ ನೆಲದ ಮೇಲೆ ಕೂತರೆ, ಆಗ ನಿಶ್ಚಯ ಮಾಡಲು ಕೂರಬಾರದು. ನಿಶ್ಚಯ ಮೊದಲೇ ಆಗಿರಬೇಕು.

ತಂಗಿ ನನ್ನನ್ನು ಕ್ಷಮಿಸಿದ್ದಾಳೆ ಎಂದು ನಾನು ಬರೆಯಲಾರೆ. ಮಾತು ಮೊದಲಿಗಿಂತ ಕಡಿಮೆಯಾಗಿದೆ. ಪುಸ್ತಕ ತರುವುದೂ ಸದ್ಯಕ್ಕೆ ನಿಂತಿದೆ. ಆದರೆ ದುರ್ಬೀನು ಶಾಲೆಗೆ ಹೋಗಲಿಲ್ಲ.

ಹೋದ ಭಾನುವಾರ ಬೆಳಕು ಹರಿಯುವಾಗ ಆಕೆ ಬದುವಿನ ಮೇಲೆ ಕೂತಿದ್ದಳು, ಬೀಡಿನ ಕಡೆ ಮುಖ. ನಾನು ಒಳಗಿನ ಸಾಲುಗಳಿಗೆ ಕುಂಟೆ ಹೊಡೆಯುತ್ತಿದ್ದೆ. ಎತ್ತುಗಳು ಆ ಮೂಲೆಯ ಹತ್ತಿರ ಬಂದಾಗ ನಡಿಗೆ ನಿಧಾನ ಮಾಡಿ ನಿಂತವು. ಇನ್ನೂ ಮರೆತಿಲ್ಲ. ನಾನು ಕುಂಟೆ ಎತ್ತಿ ಹಿಡಿದೆ. ಆಗ ತಂಗಿಯ ಬೆನ್ನು ನೆಟ್ಟಗಾಯಿತು, ದುರ್ಬೀನು ಕಣ್ಣಿಗೇರಿತು. ಹುಲ್ಲಿನ ಮೇಲೆ ಏನೋ ಆಗುತ್ತಿತ್ತು, ನಾನು ನಿಂತ ಕಡೆಯಿಂದ ಕಾಣುತ್ತಿರಲಿಲ್ಲ. ಕುಂಟೆಯ ಭಾರಕ್ಕೆ ತೋಳು ನಡುಗಿದರೂ ಇಳಿಸಲಿಲ್ಲ.

"ಏನು ಕಂಡಂಗಾತು?" ಎಂದು ಕೂಗಿ ಕೇಳಿದೆ.

"ಕಂಡಂಗಾಗಿಲ್ಲ. ಕಂಡೀನಿ" ಎಂದಳು.

ಏನು ಎಂದು ಹೇಳಲಿಲ್ಲ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ದುರ್ಬೀನು ಮಡಿಲಲ್ಲಿಟ್ಟು, ತಲೆ ಬಗ್ಗಿಸಿ, ತಾನೇ ಬರೆದುಕೊಂಡಳು.